ನಾಯಿಯ ಮೈಮೇಲಿನ ಗಂಟು: ಕತ್ತರಿಗೆ ಮೊದಲು ಸೂಜಿ

ಮೈ ತೊಳೆಸುವಾಗಲೋ ಕಿವಿಯ ಬುಡದ ಉಣ್ಣೆ ಕೀಳುವಾಗಲೋ ಒಂದು ದಿನ ಕೈಗೆ ಗಂಟು ಸಿಗುತ್ತದೆ. ಚನ್ನಗಿರಿಯ ಅಡಿಕೆ ತೋಟ ಕಾಯುವ ನಾಯಿ, ಹೊನ್ನಾಳಿಯ ಹೊಳೆದಂಡೆಯ ಗದ್ದೆಮನೆಯ ನಾಯಿ, ನ್ಯಾಮತಿಯ ಮೆಕ್ಕೆಜೋಳದ ಹೊಲದಲ್ಲಿ ಹಂದಿ ಓಡಿಸುವ ನಾಯಿ, ಜಗಳೂರಿನ ಕುರಿಹಟ್ಟಿಯ ನಾಯಿ, ಪೇಟೆ ಮನೆಯ ಲ್ಯಾಬ್ರಡಾರ್, ಯಾವುದಕ್ಕೂ ಇದು ತಪ್ಪಿದ್ದಲ್ಲ. ಮನೆಯವರು ಒತ್ತಿ ನೋಡುತ್ತಾರೆ. ನಾಯಿ ಕುಂಯ್ ಅನ್ನುವುದಿಲ್ಲ. "ನೋವಿಲ್ಲ, ಇರ್ಲಿ ಬಿಡು" ಅಂತ ತೀರ್ಮಾನವಾಗುತ್ತದೆ. ಕೆಲವರು ಸುಣ್ಣ ಹಚ್ಚುತ್ತಾರೆ, ಕೆಲವರು ಕೂದಲು ಬಿಗಿದು ಕಟ್ಟುತ್ತಾರೆ, ಇನ್ನೂ ಕೆಲವರು ಬರೆ ಹಾಕಿಸುತ್ತಾರೆ. ಗಂಟು ಒಡೆದು ರಕ್ತ ಸೋರಿ, ನೊಣ ಕೂತು, ಹುಳ ಬಿದ್ದ ಮೇಲೆ ನಾಯಿ ಪಶು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತದೆ. ಆಗ ಡಾಕ್ಟರಿಗೆ ಕೇಳುವ ಪ್ರಶ್ನೆ ಒಂದೇ: "ಇದು ಕ್ಯಾನ್ಸರ್ರಾ ಡಾಕ್ಟ್ರೇ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಮೊದಲೇ ಒಂದು ಸುಲಭದ ದಾರಿ ಇತ್ತು. ಒಂದು ಸಣ್ಣ ಸೂಜಿ, ಒಂದು ಸಿರಿಂಜ್, ಒಂದೆರಡು ಗಾಜಿನ ಸ್ಲೈಡ್, ಒಂದು ಬಣ್ಣದ ಬಾಟಲಿ, ಒಂದು ಸೂಕ್ಷ್ಮದರ್ಶಕ ಇದ್ದರೆ ಸಾಕು. ಮನುಷ್ಯರಿಗೆ ಥೈರಾಯ್ಡ್ ಗಂಟಿಗೋ ಸ್ತನದ ಗಂಟಿಗೋ ಮಾಡುವ ಎಫ್‌ಎನ್‌ಎಸಿ ಪರೀಕ್ಷೆಯನ್ನು ದಾವಣಗೆರೆ, ಶಿವಮೊಗ್ಗದ ಆಸ್ಪತ್ರೆಗಳಿಗೆ ಹೋಗಿ ಬಂದವರು ಬಲ್ಲರು. ನಾಯಿಗೆ ಮಾಡುವುದೂ ಅದನ್ನೇ. ಗಂಟಿನೊಳಗಿನ ಜೀವಕೋಶಗಳನ್ನು ಸೂಜಿಯಿಂದ ತೆಗೆದು, ಗಾಜಿನ ಮೇಲೆ ಹರಡಿ, ಬಣ್ಣ ಹಾಕಿ ನೋಡುವುದು. 1930ರಲ್ಲಿ ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ ಸೂಜಿ ಹಾಕಿ ಗಂಟು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದ್ದರು. ಇಂದು ನಾಯಿ ಬೆಕ್ಕುಗಳ ಚಿಕಿತ್ಸೆಯಲ್ಲಿ ಇದು ದಿನನಿತ್ಯದ ಕೆಲಸ.

ಕೈಗೆ ಗೊತ್ತಾಗದ್ದು

ಮೆತ್ತಗಿದ್ದರೆ ಕೊಬ್ಬಿನ ಗಂಟು, ಗಟ್ಟಿಯಿದ್ದರೆ ಕ್ಯಾನ್ಸರ್, ಜರುಗಿದರೆ ಭಯವಿಲ್ಲ ಎಂಬ ಲೆಕ್ಕ ಹಳ್ಳಿಯಲ್ಲೂ ಇದೆ, ಪೇಟೆಯಲ್ಲೂ ಇದೆ. ಈ ಲೆಕ್ಕ ಕೈಕೊಡುತ್ತದೆ. ಮಾಸ್ಟ್ ಕೋಶದ ಗಂಟು ಎಂಬ ಚರ್ಮದ ಕ್ಯಾನ್ಸರ್ ಎಷ್ಟೋ ಸಲ ಚರ್ಮದಡಿಯಲ್ಲಿ ಮೆತ್ತಗೆ ಜರುಗುತ್ತಾ, ಥೇಟ್ ಕೊಬ್ಬಿನ ಗಂಟಿನಂತೆಯೇ ಇರುತ್ತದೆ. ಲ್ಯಾಬ್ರಡಾರ್ ತಳಿಗೆ ಕೊಬ್ಬಿನ ಗಂಟೂ ಹೆಚ್ಚು, ಮಾಸ್ಟ್ ಕೋಶದ ಗಂಟೂ ಹೆಚ್ಚು. ಒಂದೇ ನಾಯಿಯ ಎಡ ಪಕ್ಕೆಯಲ್ಲಿ ಒಂದು, ಬಲ ತೊಡೆಯಲ್ಲಿ ಇನ್ನೊಂದು ಇರಬಹುದು. ಇತ್ತ, ಜಾಲಿಮುಳ್ಳು ಒಳಗೇ ಮುರಿದು ಕೂತು ಕಟ್ಟಿದ ಗಂಟು ಕಲ್ಲಿನಷ್ಟು ಗಟ್ಟಿ ಇದ್ದರೂ ಅದರಲ್ಲಿ ಕ್ಯಾನ್ಸರಿನ ಸುಳಿವೂ ಇರುವುದಿಲ್ಲ.

ಆದ್ದರಿಂದ ಎಷ್ಟೇ ಅನುಭವಿ ವೈದ್ಯರಾದರೂ ಬರೀ ಮುಟ್ಟಿ ಹೇಳಿದ ಮಾತನ್ನು ಕೊನೆಯ ಮಾತೆಂದು ತಗೊಳ್ಳುವಂತಿಲ್ಲ. ಬಟಾಣಿ ಕಾಳಿನ ಗಾತ್ರ, ಅಂದರೆ ಸುಮಾರು 1 ಸೆಂ.ಮೀ. ದಾಟಿದ ಗಂಟು ಅಥವಾ ಒಂದು ತಿಂಗಳಾದರೂ ಹೋಗದ ಗಂಟಿಗೆ ಸೂಜಿ ಹಾಕಿ ನೋಡಬೇಕು ಎನ್ನುವುದು ಪ್ರಾಣಿಗಳ ಕ್ಯಾನ್ಸರ್ ತಜ್ಞರ ಸರಳ ಸೂತ್ರ.

ಬೇಕಾದ ಸಾಮಾನು ಆಗಲೇ ಇದೆ

ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಮಿಶ್ರತಳಿ ಹಸುವಿಗೆ ಜ್ವರ ಬಂದು ಹಾಲು ಇಳಿದರೆ ಕಿವಿಯಂಚಿನ ರಕ್ತ ತೆಗೆದು ಸ್ಲೈಡ್ ಮಾಡಿ, ಥೈಲೇರಿಯಾ, ಬೆಬೇಸಿಯಾ ಎಂಬ ರಕ್ತದ ಪರೋಪಜೀವಿಗಳು ಇವೆಯೇ ಎಂದು ನೋಡುವ ರೂಢಿ ಹಿಂದಿನಿಂದ ಇದೆ. ಅದಕ್ಕೆ ಬಳಸುವ ಲೀಶ್‌ಮನ್ ಬಣ್ಣ, ಜೀಮ್ಸಾ ಬಣ್ಣ, ಫೀಲ್ಡ್ ಬಣ್ಣಗಳೇ ಗಂಟಿನ ಕೋಶಗಳಿಗೂ ಆಗುತ್ತವೆ. ಸೂಕ್ಷ್ಮದರ್ಶಕವೂ ಅದೇ, ಎಣ್ಣೆ ಹಾಕಿ ನೋಡುವ 100 ಪಟ್ಟಿನ ಮಸೂರವೂ ಅದೇ. ದೊಡ್ಡ ಯಂತ್ರ ಬೇಡ, ಅರಿವಳಿಕೆ ಬೇಡ, ಹೊಲಿಗೆ ಬೇಡ. ಹೊಸದಾಗಿ ಬೇಕಾದದ್ದು ನೋಡುವ ಕಣ್ಣಿನ ಅಭ್ಯಾಸ ಮಾತ್ರ.

ಸೂಜಿ ಹಾಕುವ ಮೊದಲು

ನಾಯಿಯ ವಯಸ್ಸು, ತಳಿ, ಹೆಣ್ಣೋ ಗಂಡೋ, ಸಂತಾನಹರಣ ಆಗಿದೆಯೋ ಇಲ್ಲವೋ, ಗಂಟು ಯಾವಾಗ ಕಂಡಿತು, ಎಷ್ಟು ಬೇಗ ಬೆಳೆಯಿತು, ಯಾವ ಔಷಧ ಕೊಟ್ಟಾಗಿದೆ, ಇಷ್ಟನ್ನು ಬರೆದುಕೊಳ್ಳಬೇಕು. ಗಂಟನ್ನು ಸ್ಕೇಲ್ ಇಟ್ಟು ಅಳೆದು, ಅದೇ ಸ್ಕೇಲ್ ಜೊತೆ ಫೋಟೊ ತೆಗೆದಿಟ್ಟುಕೊಂಡರೆ ಮುಂದಿನ ತಿಂಗಳು ಹೋಲಿಸಲು ಆಧಾರ ಸಿಗುತ್ತದೆ.

ಹೊಕ್ಕುಳ ಅಥವಾ ತೊಡೆಸಂದಿಯ ಉಬ್ಬಿಗೆ ಅವಸರದಿಂದ ಸೂಜಿ ಹಾಕಬಾರದು. ಅದು ಹರ್ನಿಯಾ ಆಗಿದ್ದರೆ ಒಳಗೆ ಕರುಳು ಇರುತ್ತದೆ. ಒತ್ತಿದಾಗ ಒಳಗೆ ಸರಿಯುತ್ತದೆಯೇ ಎಂದು ಮೊದಲು ನೋಡಬೇಕು. ಉಣ್ಣೆ ಜ್ವರದಿಂದ ಮೂಗಿನಲ್ಲಿ ರಕ್ತ ಬರುತ್ತಿರುವ, ಮೈಮೇಲೆ ಕೆಂಪು ಚುಕ್ಕೆ ಎದ್ದಿರುವ ನಾಯಿಯಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಡಿಮೆ ಇರಬಹುದು, ಅಲ್ಲಿಯೂ ಎಚ್ಚರ ಬೇಕು. ನಾಯಿ ಎಷ್ಟೇ ಸಾಧುವಾಗಿದ್ದರೂ ಬಾಯಿಕುಕ್ಕೆ ಹಾಕಬೇಕು ಅಥವಾ ಬ್ಯಾಂಡೇಜ್ ಬಟ್ಟೆಯಿಂದ ಮೂತಿ ಕಟ್ಟಬೇಕು. ನಡವಳಿಕೆ ಬದಲಾಗಿ, ಜೊಲ್ಲು ಸುರಿಸುತ್ತಾ, ಕಂಡದ್ದನ್ನು ಕಚ್ಚುವ ನಾಯಿಯಾದರೆ ಗಂಟಿನ ಮಾತು ಆಮೇಲೆ. ರೇಬಿಸ್ ಅನುಮಾನ ಮೊದಲು ಬಗೆಹರಿಯಬೇಕು.

ಸೂಜಿಯಿಂದ ಗಾಜಿಗೆ

ದನಗಳಿಗೆ ಬಳಸುವ ದಪ್ಪ ಸೂಜಿ ಇಲ್ಲಿ ಬೇಡ. ಕಪ್ಪು ಬುಡದ 22 ಗೇಜ್ ಅಥವಾ ನೀಲಿ ಬುಡದ 23 ಗೇಜ್ ಸೂಜಿ, 5 ಮಿ.ಲೀ. ಸಿರಿಂಜ್ ಸಾಕು. ದಪ್ಪ ಸೂಜಿಯಿಂದ ಹೆಚ್ಚು ಕೋಶ ಬರುತ್ತದೆ ಅನ್ನಿಸಿದರೂ ನಿಜದಲ್ಲಿ ಹೆಚ್ಚು ಬರುವುದು ರಕ್ತ. ರಕ್ತದಲ್ಲಿ ಮುಳುಗಿದ ಸ್ಲೈಡ್‌ನಲ್ಲಿ ಕೋಶ ಹುಡುಕುವುದು ಕಷ್ಟ.

ಗಂಟನ್ನು ಎಡಗೈಯ ಹೆಬ್ಬೆರಳು ತೋರುಬೆರಳಿನ ನಡುವೆ ಜರುಗದಂತೆ ಹಿಡಿದು, ಸ್ಪಿರಿಟ್‌ನಿಂದ ಒರೆಸಿ, ಅದು ಆರುವವರೆಗೆ ಕಾಯಬೇಕು. ಮುಂದೆ ಎರಡು ದಾರಿ. ಮೊದಲನೆಯದು ಹೀರುವ ವಿಧಾನ: ಸೂಜಿ ಗಂಟಿನೊಳಗೆ ಹೋದ ಮೇಲೆ ಸಿರಿಂಜಿನ ದಂಡವನ್ನು ಹಿಂದಕ್ಕೆಳೆದು, ಸೂಜಿಯ ದಿಕ್ಕನ್ನು ಎರಡು ಮೂರು ಕಡೆಗೆ ಬದಲಿಸಿ, ದಂಡವನ್ನು ಸಡಿಲಬಿಟ್ಟ ನಂತರವೇ ಸೂಜಿ ಹೊರತೆಗೆಯುವುದು. ಸಡಿಲ ಬಿಡದೆ ತೆಗೆದರೆ ಸೂಜಿಯೊಳಗಿನ ಅಷ್ಟೂ ಕೋಶ ಸಿರಿಂಜಿನ ಕೊಳವೆಗೆ ಹಾರಿ ಅಲ್ಲೇ ಅಂಟಿಕೊಳ್ಳುತ್ತದೆ. ಎರಡನೆಯದು ಹೀರದ ವಿಧಾನ: ಬರೀ ಸೂಜಿಯನ್ನೋ, ಗಾಳಿ ತುಂಬಿದ ಸಿರಿಂಜಿಗೆ ಸಿಕ್ಕಿಸಿದ ಸೂಜಿಯನ್ನೋ ಹಿಡಿದು ಗಂಟಿನೊಳಗೇ ಐದರಿಂದ ಹತ್ತು ಸಲ ಬೇಗ ಬೇಗ ಹಿಂದೆ ಮುಂದೆ ಆಡಿಸುವುದು. ಕೋಶಗಳು ತಾವಾಗಿಯೇ ಸೂಜಿಯ ಬಾಯೊಳಗೆ ಏರುತ್ತವೆ. ಮೆತ್ತಗಿನ ಗಂಟು ಮತ್ತು ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಇದು ಒಳ್ಳೆಯದು, ರಕ್ತ ಕಡಿಮೆ ಬರುತ್ತದೆ, ಕೋಶವೂ ಜಜ್ಜಿಹೋಗುವುದಿಲ್ಲ.

ಸಿರಿಂಜಿನಲ್ಲಿ ಏನೂ ಕಾಣಲಿಲ್ಲವೆಂದು ನಿರಾಶರಾಗಬೇಕಿಲ್ಲ. ಬೇಕಾದ ಮಾದರಿ ಇರುವುದು ಸೂಜಿಯ ನಾಳದೊಳಗೆ. ಸೂಜಿ ಬಿಚ್ಚಿ, ಸಿರಿಂಜಿನಲ್ಲಿ ಗಾಳಿ ತುಂಬಿ, ಮತ್ತೆ ಸೂಜಿ ಸಿಕ್ಕಿಸಿ, ಅದರ ಇಳಿಜಾರು ಬಾಯಿಯನ್ನು ಸ್ಲೈಡ್‌ಗೆ ತಾಗಿಸಿ ಜೋರಾಗಿ ಒತ್ತಿದರೆ ಒಂದು ಸಣ್ಣ ಹನಿ ಬೀಳುತ್ತದೆ. ಅದರ ಮೇಲೆ ಇನ್ನೊಂದು ಸ್ಲೈಡನ್ನು ಅಡ್ಡವಾಗಿ ಇಟ್ಟು, ಕೈಭಾರ ಹಾಕದೆ, ಆ ಸ್ಲೈಡಿನ ಭಾರಕ್ಕೇ ಹನಿ ಹರಡಲು ಬಿಟ್ಟು, ನುಣ್ಣಗೆ ಒಂದೇ ಎಳೆತಕ್ಕೆ ಸರಿಸಬೇಕು. ಒತ್ತಿ ಎಳೆದರೆ ಕೋಶ ಒಡೆದು ನೇರಳೆ ಗೆರೆಗಳಾಗಿ ಉಳಿಯುತ್ತವೆ. ಒಡೆದ ಕೋಶ ನೋಡಿ ರೋಗ ಹೇಳಬಾರದು.

ದೊಡ್ಡ ಗಂಟಾದರೆ ಒಂದೇ ಕಡೆ ಚುಚ್ಚಿದರೆ ಸಾಲದು. ನಡುಭಾಗ ಸತ್ತು ಕೊಳೆತಿರಬಹುದು, ಅಂಚಿನಿಂದಲೂ ತೆಗೆಯಬೇಕು. ಒಡೆದು ಹುಣ್ಣಾದ ಗಂಟಿಗೆ ಮೇಲಿನಿಂದ ಸ್ಲೈಡ್ ಒತ್ತಿ ತೆಗೆದರೆ ಬರುವುದು ಕೀವು, ಬ್ಯಾಕ್ಟೀರಿಯಾ ಅಷ್ಟೇ. ಹುಣ್ಣಿನ ಪಕ್ಕದ ಗಟ್ಟಿ ಭಾಗಕ್ಕೆ ಸೂಜಿ ಹಾಕಿದರೆ ಅಸಲು ರೋಗ ಸಿಗುತ್ತದೆ.

ಒಣಗಿಸುವುದು, ಬಣ್ಣ ಹಾಕುವುದು

ಸ್ಲೈಡ್ ಬೇಗ ಒಣಗಬೇಕು. ನಿಧಾನ ಒಣಗಿದರೆ ಕೋಶ ಮುದುಡಿ, ಒಳಗಿನ ವಿವರ ಮಂಕಾಗುತ್ತದೆ. ಜಗಳೂರಿನ ಬಿಸಿಲಿಗೆ ಈ ತೊಂದರೆ ಕಡಿಮೆ. ಆಷಾಢದ ಜಡಿಮಳೆಯಲ್ಲಿ ಚನ್ನಗಿರಿಯಲ್ಲೋ ನ್ಯಾಮತಿಯಲ್ಲೋ ಸ್ಲೈಡ್ ಮಾಡುವವರು ಗಾಳಿಯಲ್ಲಿ ಬೀಸಬೇಕು, ಇಲ್ಲವೇ ಹೇರ್ ಡ್ರೈಯರಿನ ತಣ್ಣನೆಯ ಗಾಳಿಯನ್ನು ಸ್ಲೈಡಿನ ಬೆನ್ನಿಗೆ ಹಿಡಿಯಬೇಕು. ಲೀಶ್‌ಮನ್ ಬಣ್ಣದ ಬಾಟಲಿಯ ಮುಚ್ಚಳವನ್ನು ಮಳೆಗಾಲದಲ್ಲಿ ಬಿಗಿಯಾಗಿ ಹಾಕಿಡಬೇಕು. ಅದರಲ್ಲಿನ ಮೆಥನಾಲ್ ಗಾಳಿಯ ತೇವ ಹೀರಿಕೊಂಡರೆ ಕೆಂಪು ರಕ್ತಕಣಗಳ ಮೇಲೆ ಹೊಳೆಯುವ ಗುಳ್ಳೆಗಳು ಮೂಡಿ ದಾರಿ ತಪ್ಪಿಸುತ್ತವೆ.

ಸ್ಲೈಡಿನ ಒರಟು ತುದಿಯಲ್ಲಿ ನಾಯಿಯ ಗುರುತು ಮತ್ತು ಗಂಟಿನ ಜಾಗವನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು. ಪೆನ್ನಿನ ಶಾಯಿ ಮೆಥನಾಲ್‌ಗೆ ಅಳಿಸಿಹೋಗುತ್ತದೆ. ಲೀಶ್‌ಮನ್ ಬಣ್ಣದಲ್ಲೇ ಮೆಥನಾಲ್ ಇರುವುದರಿಂದ ಪ್ರತ್ಯೇಕ ಫಿಕ್ಸ್ ಮಾಡಬೇಕಿಲ್ಲ. ಬಣ್ಣವನ್ನು ಸ್ಲೈಡ್ ತುಂಬ ಹನಿಸಿ ಒಂದೆರಡು ನಿಮಿಷ ಬಿಟ್ಟು, ಅದರ ಮೇಲೆಯೇ ಎರಡರಷ್ಟು ಬಫರ್ ನೀರು ಹಾಕಿ ಬೆರೆಸಿ, 8ರಿಂದ 10 ನಿಮಿಷ ಬಿಟ್ಟು ತೊಳೆಯಬೇಕು. ಸ್ಲೈಡ್ ದಪ್ಪವಾಗಿದ್ದರೆ ಇನ್ನೂ ಸ್ವಲ್ಪ ಹೊತ್ತು ಬೇಕು. ಬಣ್ಣವನ್ನು ಮೊದಲು ಚೆಲ್ಲಿ ಆಮೇಲೆ ತೊಳೆದರೆ ಗಸಿ ಕೋಶಗಳ ಮೇಲೆ ಕೂರುತ್ತದೆ. ಬಣ್ಣ ಇದ್ದ ಹಾಗೇ ನೀರು ಬಿಟ್ಟು ತೇಲಿಸಿ ತೊಳೆಯುವುದು ಸರಿಯಾದ ಕ್ರಮ. ಬೋರ್‌ವೆಲ್‌ನ ಗಡಸು ನೀರು ಬಳಸಿದರೆ ಸ್ಲೈಡ್ ಪೂರ್ತಿ ನೀಲಿಗಟ್ಟುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಮಾಡಿದ, ಪಿಎಚ್ 6.8ರ ಬಫರ್ ಇಟ್ಟುಕೊಂಡರೆ ಕೋಶಕೇಂದ್ರ ನೇರಳೆಗೂ ಸುತ್ತಲಿನ ದ್ರವ ತಿಳಿ ನೀಲಿಗೂ ತಿರುಗಿ ಚೊಕ್ಕವಾಗಿ ಕಾಣುತ್ತವೆ.

ಇನ್ನೊಂದು ಮಾತು ಕಡ್ಡಾಯ. ಫಾರ್ಮಲಿನ್ ಬಾಟಲಿಯನ್ನು ಸ್ಲೈಡಿನ ಹತ್ತಿರ ಸುಳಿಯಲೂ ಬಿಡಬಾರದು. ಅದರ ಹಬೆ ತಾಗಿದರೂ ಕೋಶಗಳು ಬಣ್ಣ ಹಿಡಿಯುವುದಿಲ್ಲ.

ಸೂಕ್ಷ್ಮದರ್ಶಕದ ಕೆಳಗೆ ಮೂರು ಪ್ರಶ್ನೆ

ಮೊದಲು 4 ಅಥವಾ 10 ಪಟ್ಟಿನ ಮಸೂರದಲ್ಲಿ ಇಡೀ ಸ್ಲೈಡ್ ಮೇಲೆ ಕಣ್ಣಾಡಿಸಬೇಕು. ಕೋಶ ಚೆನ್ನಾಗಿ ಹರಡಿದ, ಬಣ್ಣ ಚೆನ್ನಾಗಿ ಹಿಡಿದ ಜಾಗ ಗುರುತಿಸಿಕೊಂಡು, ಆಮೇಲೆ 40ಕ್ಕೂ ಎಣ್ಣೆಯ 100ಕ್ಕೂ ಏರಬೇಕು. ನೇರವಾಗಿ 100ಕ್ಕೆ ಹೋದವರಿಗೆ ಸಿಕ್ಕಿದ ಒಂದು ಮೂಲೆಯೇ ಇಡೀ ಗಂಟಾಗಿಬಿಡುತ್ತದೆ.

ಮೊದಲ ಪ್ರಶ್ನೆ: ನೋಡಲು ಸಾಕಷ್ಟು ಕೋಶ ಇದೆಯೇ? ಇಲ್ಲದಿದ್ದರೆ ಮತ್ತೆ ಸೂಜಿ ಹಾಕಬೇಕು, ಊಹೆ ಮಾಡಬಾರದು.

ಎರಡನೆಯದು: ಇರುವುದು ಉರಿಯೂತದ ಕೋಶಗಳೋ, ಆ ಜಾಗದ ಅಂಗಾಂಶದ ಕೋಶಗಳೋ? ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳೇ ತುಂಬಿದ್ದು, ಅವುಗಳ ಹೊಟ್ಟೆಯೊಳಗೆ ಬ್ಯಾಕ್ಟೀರಿಯಾ ಕಂಡರೆ ಅದು ಸೋಂಕು, ಕೀವುಗಂಟು.

ಮೂರನೆಯದು: ಅಂಗಾಂಶದ ಕೋಶವಾದರೆ ಯಾವ ಜಾತಿಯದು, ಸಾಧುವೋ ಕೇಡೋ? ಆಕಾರ ನೋಡಿ ಮೂರು ಗುಂಪು ಮಾಡುತ್ತಾರೆ. ಒಂದಕ್ಕೊಂದು ಅಂಟಿಕೊಂಡು ಗುಂಪುಗುಂಪಾಗಿ ಬರುವವು ಚರ್ಮ, ಗ್ರಂಥಿಗಳ ಮೇಲ್ಪದರದ ಕೋಶಗಳು. ಉದ್ದಕ್ಕೆ ಚಾಚಿದ, ಎರಡೂ ತುದಿ ಚೂಪಾದವು ಸಂಯೋಜಕ ಅಂಗಾಂಶದವು. ಇವು ಸೂಜಿಗೆ ಸುಲಭಕ್ಕೆ ಬರುವುದಿಲ್ಲ. ಬಿಡಿಬಿಡಿಯಾಗಿ, ದುಂಡಗೆ, ರಾಶಿ ರಾಶಿ ಬರುವವು ದುಂಡುಕೋಶದ ಗಂಟುಗಳು. ಸ್ಲೈಡ್‌ನಿಂದಲೇ ಹೆಚ್ಚು ಖಚಿತವಾಗಿ ಹೆಸರಿಸಬಹುದಾದ ಗುಂಪು ಇದು.

ಕೇಡಿನ ಲಕ್ಷಣ ಹುಡುಕುವುದು ಮುಖ್ಯವಾಗಿ ಕೋಶಕೇಂದ್ರದಲ್ಲಿ. ಒಂದೇ ಜಾತಿಯ ಕೋಶಗಳಾಗಿದ್ದೂ ಒಂದರ ಕೇಂದ್ರ ಚಿಕ್ಕದು, ಪಕ್ಕದ್ದರ ಕೇಂದ್ರ ಅದರ ಮೂರರಷ್ಟು, ಒಂದೇ ಕೋಶದಲ್ಲಿ ಎರಡು ಮೂರು ಕೇಂದ್ರ, ಕೇಂದ್ರದೊಳಗೆ ದೊಡ್ಡ ಸೊಟ್ಟ ನ್ಯೂಕ್ಲಿಯೋಲಸ್, ಅಡ್ಡಾದಿಡ್ಡಿ ವಿಭಜನೆ, ಇಂಥ ಲಕ್ಷಣಗಳಲ್ಲಿ ಮೂರೋ ಹೆಚ್ಚೋ ಸ್ಪಷ್ಟವಾಗಿ, ಹಲವು ಕೋಶಗಳಲ್ಲಿ ಕಂಡರೆ ಕ್ಯಾನ್ಸರ್ ಎಂಬ ಅನುಮಾನ ಬಲವಾಗುತ್ತದೆ. ಗಾತ್ರ ಅಳೆಯಲು ಸ್ಲೈಡಿನಲ್ಲೇ ಅಳತೆಗೋಲು ಇದೆ. ನಾಯಿಯ ಕೆಂಪು ರಕ್ತಕಣದ ಅಗಲ ಸುಮಾರು 7 ಮೈಕ್ರಾನ್. ಅದರ ಪಕ್ಕಕ್ಕಿಟ್ಟು ಉಳಿದದ್ದನ್ನು ಅಳೆಯಬಹುದು.

ಕೀವು, ಕೊಬ್ಬು, ಚೀಲದ ಗಂಟು

ಹೆಚ್ಚಿನ ಗಂಟುಗಳಿಗೆ ಹೆದರಬೇಕಿಲ್ಲ ಎಂಬುದನ್ನೂ ಇದೇ ಸ್ಲೈಡ್ ಹೇಳುತ್ತದೆ. ಕೊಬ್ಬಿನ ಗಂಟಿನ ಹನಿ ಸ್ಲೈಡ್ ಮೇಲೆ ಎಣ್ಣೆಯಾಗಿ ಹೊಳೆಯುತ್ತದೆ, ಎಷ್ಟು ಬೀಸಿದರೂ ಒಣಗುವುದಿಲ್ಲ. ಬಣ್ಣ ಹಾಕಿದಾಗ ಮೆಥನಾಲ್‌ಗೆ ಕೊಬ್ಬು ಕರಗಿ ಸ್ಲೈಡ್ ಖಾಲಿಯಂತೆ ಕಾಣಬಹುದು. ಆದ್ದರಿಂದ ಬಣ್ಣ ಹಾಕುವ ಮೊದಲೇ ಎಣ್ಣೆ ಹೊಳಪನ್ನು ಬರೆದಿಟ್ಟುಕೊಳ್ಳಬೇಕು. ಸೂಜಿಯಲ್ಲಿ ಬೂದುಬಣ್ಣದ ಗಟ್ಟಿ ಪೇಸ್ಟ್ ಬಂದರೆ ಅದು ಚರ್ಮದ ಚೀಲದ ಗಂಟು, ಅದನ್ನು ಹಿಸುಕಿ ಒಡೆಯಬಾರದು. ಒಳಗಿನದು ಚರ್ಮದಡಿಯಲ್ಲಿ ಚೆಲ್ಲಿದರೆ ಜೋರು ಉರಿಯೂತವಾಗುತ್ತದೆ. ದವಡೆಯ ಕೆಳಗಿನ ಮೆತ್ತನೆಯ ಊತದಲ್ಲಿ ಎಳೆ ಎಳೆಯಾಗಿ ಜಗ್ಗುವ ಅಂಟು ದ್ರವ ಬಂದರೆ ಜೊಲ್ಲುಗ್ರಂಥಿಯ ನಾಳ ಒಡೆದದ್ದು. ರೇಬಿಸ್ ಲಸಿಕೆ ಹಾಕಿಸಿದ ಜಾಗದಲ್ಲಿ ಎದ್ದ ಸಣ್ಣ ಗಂಟು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ.

ಮೂರು ವರ್ಷದೊಳಗಿನ ನಾಯಿಯ ಮುಖ, ಕಿವಿ, ಕಾಲಿನ ಮೇಲೆ ಏಕಾಏಕಿ ಎದ್ದ ಕೆಂಪು ಗುಂಡುಗಂಟು ಹಿಸ್ಟಿಯೋಸೈಟೋಮಾ ಆಗಿರಬಹುದು. ನೋಡಲು ಭಯವಾದರೂ ಎಷ್ಟೋ ಸಲ ಒಂದೆರಡು ತಿಂಗಳಲ್ಲಿ ಚಿಕಿತ್ಸೆಯಿಲ್ಲದೆ ಕರಗುತ್ತದೆ. ಸೂಜಿ ಹಾಕಿ ನೋಡಿದರೆ ಅನಗತ್ಯವಾದ ಒಂದು ಶಸ್ತ್ರಚಿಕಿತ್ಸೆ ತಪ್ಪುತ್ತದೆ.

ಕೂಡುವಾಗ ಅಂಟುವ ಕ್ಯಾನ್ಸರ್

ಬೀದಿಯಲ್ಲಿ ಸ್ವತಂತ್ರವಾಗಿ ಓಡಾಡುವ ನಾಯಿಗಳಿರುವ ನಮ್ಮ ಊರುಗಳಲ್ಲಿ ಪಶುವೈದ್ಯರು ಪದೇ ಪದೇ ನೋಡುವ ಗಂಟೆಂದರೆ ಟಿವಿಟಿ (ಟ್ರಾನ್ಸ್‌ಮಿಸಿಬಲ್ ವೆನೀರಿಯಲ್ ಟ್ಯೂಮರ್). ಗಂಡುನಾಯಿಯ ಶಿಶ್ನದ ಮೇಲೆ, ಹೆಣ್ಣುನಾಯಿಯ ಯೋನಿಯೊಳಗೆ ಹೂಕೋಸಿನಂತೆ ಬೆಳೆದು, ಮುಟ್ಟಿದರೆ ರಕ್ತ ಸುರಿಯುವ ಗಂಟು ಇದು. ಹೆಣ್ಣುನಾಯಿಗೆ ಬೆದೆ ಮುಗಿದು ವಾರಗಳಾದರೂ ರಕ್ತ ತೊಟ್ಟಿಕ್ಕುತ್ತಿದ್ದರೆ ಬೆದೆಯೇ ಮುಂದುವರಿದಿದೆ ಎಂದುಕೊಂಡು ಮನೆಯವರು ಸುಮ್ಮನಾಗುತ್ತಾರೆ. ಅಲ್ಲಿ ಈ ಗಂಟಿರಬಹುದು. ಮೂಸುವುದರಿಂದ, ನೆಕ್ಕುವುದರಿಂದ ಮೂಗಿಗೂ ಬಾಯಿಗೂ ಅಂಟುತ್ತದೆ.

ಈ ರೋಗದ ಸ್ವಭಾವ ಬೆರಗು ಹುಟ್ಟಿಸುವಂಥದ್ದು. ಇಲ್ಲಿ ಅಂಟುವುದು ವೈರಸ್ ಅಲ್ಲ, ಕ್ಯಾನ್ಸರ್ ಕೋಶವೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟಿ ಅಲ್ಲಿ ಬೆಳೆಯುತ್ತದೆ. 1876ರಲ್ಲಿ ರಷ್ಯದ ಪಶುವೈದ್ಯ ನೊವಿನ್ಸ್ಕಿ ಒಂದು ನಾಯಿಯ ಗಂಟಿನ ತುಣುಕನ್ನು ಇನ್ನೊಂದಕ್ಕೆ ಕಸಿ ಮಾಡಿ ಬೆಳೆಸಿ ತೋರಿಸಿದರು. ನಾಯಿಯ ಆರೋಗ್ಯವಂತ ಕೋಶದಲ್ಲಿ 78 ವರ್ಣತಂತುಗಳಿದ್ದರೆ ಈ ಗಂಟಿನ ಕೋಶದಲ್ಲಿ ಸಾಮಾನ್ಯವಾಗಿ 57ರಿಂದ 59 ಮಾತ್ರ. ಸಾವಿರಾರು ವರ್ಷಗಳ ಹಿಂದೆ ಒಂದೇ ಒಂದು ನಾಯಿಯಲ್ಲಿ ಹುಟ್ಟಿದ ಕ್ಯಾನ್ಸರ್ ಇಂದಿಗೂ ಜೀವಂತವಾಗಿ ಜಗತ್ತು ಸುತ್ತುತ್ತಿದೆ ಎಂದು ವಂಶವಾಹಿ ಅಧ್ಯಯನಗಳು ತೋರಿಸಿವೆ. ಮನುಷ್ಯರಿಗೆ ಇದು ಅಂಟುವುದಿಲ್ಲ.

ಸ್ಲೈಡಿನ ಮೇಲೆ ಇದನ್ನು ಗುರುತಿಸುವುದು ಕಲಿತ ಕಣ್ಣಿಗೆ ಕಷ್ಟವಲ್ಲ. ಸೂಜಿಯೂ ಬೇಡ, ಗಂಟನ್ನು ಸಲೈನ್‌ನಿಂದ ತೊಳೆದು, ಒರೆಸಿ, ಸ್ಲೈಡ್ ತಾಗಿಸಿದರೂ ಸಾಕಷ್ಟು ಕೋಶ ಬರುತ್ತದೆ. ನೋಡಿದರೆ ಬಿಡಿಬಿಡಿಯಾದ ದುಂಡು ಕೋಶಗಳ ಸಂತೆ. ಪ್ರತಿ ಕೋಶಕ್ಕೂ ಒಂದು ದುಂಡಗಿನ ಕೇಂದ್ರ, ಅದರೊಳಗೆ ಎದ್ದು ಕಾಣುವ ಒಂದೋ ಎರಡೋ ನ್ಯೂಕ್ಲಿಯೋಲಸ್, ಸುತ್ತಲೂ ತಿಳಿ ನೀಲಿ ದ್ರವ, ಆ ನೀಲಿಯಲ್ಲಿ ಸಾಲಾಗಿ ಸಣ್ಣ ಸಣ್ಣ ಪಾರದರ್ಶಕ ಗುಳ್ಳೆಗಳು. ಅಲ್ಲಲ್ಲಿ ಇಬ್ಭಾಗವಾಗುತ್ತಿರುವ ಕೋಶಗಳು. ಈ ಗುಳ್ಳೆಗಳೇ ಟಿವಿಟಿಯ ಮುದ್ರೆ.

ಇದನ್ನು ಪತ್ತೆ ಮಾಡುವುದರಿಂದ ದೊಡ್ಡ ಲಾಭವಿದೆ. ಕತ್ತರಿಸಿ ತೆಗೆದ ಗಂಟು ಮತ್ತೆ ಬರುವುದುಂಟು, ಆದರೆ ವಿನ್‌ಕ್ರಿಸ್ಟೀನ್ ಎಂಬ ಔಷಧವನ್ನು ವಾರಕ್ಕೊಮ್ಮೆ ರಕ್ತನಾಳಕ್ಕೆ ಕೊಟ್ಟರೆ ಹೆಚ್ಚಿನ ನಾಯಿಗಳಲ್ಲಿ ನಾಲ್ಕರಿಂದ ಆರು ವಾರಗಳಲ್ಲಿ ಗಂಟು ಕರಗಿಹೋಗುತ್ತದೆ. ಕ್ಯಾನ್ಸರ್‌ಗಳಲ್ಲಿ ಇಷ್ಟು ಚೆನ್ನಾಗಿ ವಾಸಿಯಾಗುವವು ಕಡಿಮೆ. ಆದರೆ ಇದು ಮನೆಯಲ್ಲಿ ಕೊಡುವ ಇಂಜೆಕ್ಷನ್ ಅಲ್ಲ. ರಕ್ತನಾಳದಿಂದ ಒಂದು ಹನಿ ಹೊರಗೆ ಸೋರಿದರೂ ಸುತ್ತಲಿನ ಮಾಂಸ ಕೊಳೆಯುತ್ತದೆ. ಔಷಧದಿಂದ ಬಿಳಿ ರಕ್ತಕಣಗಳೂ ಇಳಿಯುತ್ತವೆ. ರಕ್ತ ಪರೀಕ್ಷೆ ಮಾಡಿಸುತ್ತಾ ಪಶುವೈದ್ಯರೇ ಕೊಡಬೇಕು.

ಮಾಸ್ಟ್ ಕೋಶದ ಗಂಟು

ಸ್ಲೈಡ್ ತುಂಬ ದುಂಡು ಕೋಶ, ಕೋಶದ ತುಂಬ ಗಾಢ ನೇರಳೆ ಕಣಗಳು, ಒಡೆದ ಕೋಶದಿಂದ ಚೆಲ್ಲಿದ ಅದೇ ಕಣಗಳು ಹಿನ್ನೆಲೆಯಲ್ಲೆಲ್ಲ, ಜೊತೆಗೆ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು. ಇಷ್ಟು ಕಂಡರೆ ಮಾಸ್ಟ್ ಕೋಶದ ಗಂಟು. ಆ ಕಣಗಳಲ್ಲಿ ಹಿಸ್ಟಮೈನ್ ಇರುತ್ತದೆ. ಹಿಸುಕಿದರೆ, ಚುಚ್ಚಿದರೆ ಅದು ಬಿಡುಗಡೆಯಾಗಿ ಗಂಟು ಕೆಂಪಗೆ ಊದಿಕೊಳ್ಳಬಹುದು, ಇನ್ನೊಂದು ದಿನ ತಾನೇ ಚಿಕ್ಕದಾಗಬಹುದು. ಗಾತ್ರ ಹೀಗೆ ಏರಿಳಿಯುವ ಗಂಟನ್ನು "ಇಳೀತಾ ಇದೆ" ಎಂದು ನಂಬಿ ಕೂರಬಾರದು.

ತ್ವರಿತವಾಗಿ ಅದ್ದಿ ತೆಗೆಯುವ ಮೂರು ಬಾಟಲಿಯ ಬಣ್ಣದಲ್ಲಿ ಈ ಕಣಗಳು ಕೆಲವೊಮ್ಮೆ ಬಣ್ಣ ಹಿಡಿಯುವುದೇ ಇಲ್ಲ. ಅನುಮಾನ ಬಂದರೆ ಲೀಶ್‌ಮನ್ ಅಥವಾ ಜೀಮ್ಸಾದಲ್ಲಿ ಇನ್ನೊಂದು ಸ್ಲೈಡ್ ಮಾಡಬೇಕು. ರೋಗದ ಹೆಸರು ಸ್ಲೈಡ್ ಹೇಳುತ್ತದೆ, ಅದರ ದರ್ಜೆಯನ್ನು ಖಚಿತವಾಗಿ ಹೇಳಲು ಕತ್ತರಿಸಿದ ಗಂಟೇ ಬೇಕು. ಪಟ್ನಾಯಕ್ ಮತ್ತು ಸಂಗಡಿಗರು 1984ರಲ್ಲಿ ಕೊಟ್ಟ ಮೂರು ದರ್ಜೆಯ ಪದ್ಧತಿಯೂ 2011ರಲ್ಲಿ ಬಂದ ಎರಡು ದರ್ಜೆಯ ಪದ್ಧತಿಯೂ ಅಂಗಾಂಶದ ತುಣುಕನ್ನು ನೋಡಿ ಮಾಡಿದವು. ಆದರೂ ಹೆಸರು ಮೊದಲೇ ಗೊತ್ತಿದ್ದರೆ ಶಸ್ತ್ರಚಿಕಿತ್ಸಕರು ಗಂಟಿನ ಸುತ್ತಲಿನ ಆರೋಗ್ಯವಂತ ಚರ್ಮವನ್ನೂ ಸೇರಿಸಿ ಅಗಲವಾಗಿ ತೆಗೆಯುತ್ತಾರೆ. ಗೊತ್ತಿಲ್ಲದೆ ಅಂಚಿಗೇ ಕತ್ತರಿಸಿದರೆ ಉಳಿದ ಬೇರು ಮತ್ತೆ ಚಿಗುರುತ್ತದೆ, ಎರಡನೆಯ ಶಸ್ತ್ರಚಿಕಿತ್ಸೆ ಮೊದಲಿನದಕ್ಕಿಂತ ದೊಡ್ಡದಾಗುತ್ತದೆ.

ದುಗ್ಧಗ್ರಂಥಿ ಊದಿದಾಗ

ದವಡೆಯ ಕೆಳಗೆ, ಭುಜದ ಮುಂದೆ, ಹಿಂಗಾಲಿನ ಮಂಡಿಯ ಹಿಂದೆ ಎರಡೂ ಕಡೆ ಗಂಟುಗಳು ಕಂಡರೆ ಅವು ಊದಿದ ದುಗ್ಧಗ್ರಂಥಿಗಳು. ನಮ್ಮಲ್ಲಿ ಉಣ್ಣೆಯಿಂದ ಬರುವ ಎರ್ಲಿಕಿಯಾ ಜ್ವರದಲ್ಲೂ ಊದುತ್ತವೆ, ಲಿಂಫೋಮಾ ಎಂಬ ಕ್ಯಾನ್ಸರ್‌ನಲ್ಲೂ ಊದುತ್ತವೆ. ಸ್ಲೈಡಿನಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳಲ್ಲಿ ಚಿಕ್ಕವೇ ಹೆಚ್ಚಿದ್ದು, ಮಧ್ಯೆ ಪ್ಲಾಸ್ಮಾ ಕೋಶ ಬೆರೆತಿದ್ದರೆ ಸೋಂಕಿಗೆ ಗ್ರಂಥಿ ಎಚ್ಚೆತ್ತ ಲಕ್ಷಣ. ಅರ್ಧಕ್ಕಿಂತ ಹೆಚ್ಚು ಕೋಶಗಳು ಒಂದೇ ಬಗೆಯ ದೊಡ್ಡ ಲಿಂಫೋಸೈಟ್‌ಗಳಾಗಿದ್ದು, ಅವುಗಳ ಕೇಂದ್ರ ಎರಡು ಕೆಂಪು ರಕ್ತಕಣಗಳಿಗಿಂತ ಅಗಲವಿದ್ದರೆ ಲಿಂಫೋಮಾ ಎನ್ನಲು ಆಧಾರ ಸಿಗುತ್ತದೆ. ಹಲ್ಲಿನ ರೋಗಕ್ಕೂ ದವಡೆಯ ಗ್ರಂಥಿ ಊದುವುದರಿಂದ ಭುಜದ ಅಥವಾ ಮಂಡಿಯ ಗ್ರಂಥಿಗೆ ಸೂಜಿ ಹಾಕುವುದು ಉತ್ತಮ.

ಇಲ್ಲೊಂದು ಎಚ್ಚರ. ಊತ ಇಳಿಯಲೆಂದು ಮೊದಲೇ ಸ್ಟೀರಾಯ್ಡ್ ಕೊಟ್ಟರೆ ಲಿಂಫೋಮಾ ಗ್ರಂಥಿ ಕೆಲವು ದಿನ ಕುಗ್ಗುತ್ತದೆ, ಸ್ಲೈಡ್ ಓದಲು ಬಾರದಂತಾಗುತ್ತದೆ, ಮುಂದಿನ ಕೀಮೋಥೆರಪಿಗೂ ರೋಗ ಬಗ್ಗದಂತಾಗಬಹುದು. ಮಾದರಿ ತೆಗೆದ ಮೇಲಷ್ಟೇ ಸ್ಟೀರಾಯ್ಡ್.

ಮೊಲೆಯ ಗಂಟು, ಸ್ಲೈಡಿನ ಮಿತಿ

ಸಂತಾನಹರಣ ಆಗದ, ವಯಸ್ಸಾದ ಹೆಣ್ಣುನಾಯಿಗಳಲ್ಲಿ ಮೊಲೆಯ ಗಂಟು ಸಾಮಾನ್ಯ. ಇವುಗಳಲ್ಲಿ ಸುಮಾರು ಅರ್ಧದಷ್ಟು ಕೇಡಿನವು ಎಂಬುದು ಪಠ್ಯಗಳಲ್ಲಿರುವ ಸ್ಥೂಲ ಲೆಕ್ಕ. ಸ್ಲೈಡ್ ಇಲ್ಲಿ ಸೋಲುತ್ತದೆ. ಒಂದೇ ಗಂಟಿನಲ್ಲಿ ಸಾಧು ಭಾಗವೂ ಕೇಡಿನ ಭಾಗವೂ ಇರುತ್ತದೆ, ಸೂಜಿ ಯಾವುದಕ್ಕೆ ಹೋಯಿತೋ ಅದನ್ನಷ್ಟೇ ತೋರಿಸುತ್ತದೆ. ಇದು ಮೊಲೆಯದೇ ಗಂಟು, ಕೀವಲ್ಲ, ಮಾಸ್ಟ್ ಕೋಶವಲ್ಲ ಎಂದು ತಿಳಿಯಲು ಸೂಜಿ ಸಾಕು. ಸಾಧುವೋ ಕೇಡೋ ಎಂದು ತಿಳಿಯಲು ಗಂಟನ್ನು ತೆಗೆದು ಬಯಾಪ್ಸಿಗೆ ಕಳಿಸಬೇಕು. ಶಸ್ತ್ರಚಿಕಿತ್ಸೆಗೆ ಮೊದಲು ಎದೆಯ ಎಕ್ಸ್‌ರೇ ತೆಗೆಸಿ, ಪುಪ್ಪುಸಕ್ಕೆ ಹರಡಿದೆಯೇ ನೋಡಬೇಕು.

ಮೊದಲ ಬೆದೆಗೆ ಮುನ್ನ ಸಂತಾನಹರಣ ಮಾಡಿಸಿದ ನಾಯಿಗಳಲ್ಲಿ ಮೊಲೆ ಗಂಟಿನ ಅಪಾಯ, ಮಾಡಿಸದ ನಾಯಿಗಳ ಅಪಾಯದ ಶೇ 0.5ಕ್ಕೆ ಇಳಿದದ್ದನ್ನು, ಒಂದು ಬೆದೆಯ ನಂತರ ಮಾಡಿಸಿದರೆ ಶೇ 8, ಎರಡು ಅಥವಾ ಹೆಚ್ಚು ಬೆದೆಯ ನಂತರವಾದರೆ ಶೇ 26 ಇದ್ದದ್ದನ್ನು 1969ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ಈ ಅಂಕಿಗಳನ್ನು ಎಚ್ಚರಿಕೆಯಿಂದ ಓದಬೇಕೆಂದು ಮುಂದಿನ ವಿಮರ್ಶೆಗಳು ಹೇಳಿವೆ. ಆದರೂ ಬೇಗ ಮಾಡಿಸುವುದರಿಂದ ಮೊಲೆ ಗಂಟು, ಗರ್ಭಕೋಶದ ಕೀವು ಮತ್ತು ಕೂಡುವುದರಿಂದ ಬರುವ ಟಿವಿಟಿ, ಮೂರೂ ತಗ್ಗುವುದರಿಂದ ಮರಿಯ ಲಸಿಕೆಗೆ ಹೋದಾಗಲೇ ಈ ಮಾತನ್ನು ವೈದ್ಯರಲ್ಲಿ ಕೇಳುವುದು ಒಳ್ಳೆಯದು.

ಬೇರೆ ಮಿತಿಗಳೂ ಇವೆ. ಸಂಯೋಜಕ ಅಂಗಾಂಶದ ಕ್ಯಾನ್ಸರ್ ಸೂಜಿಗೆ ಕೋಶ ಕೊಡದೆ ಇರಬಹುದು. ಹಳೆಯ ಗಾಯ ಮಾಯುವ ಜಾಗದ ಕೋಶಗಳು ಕ್ಯಾನ್ಸರ್‌ನಂತೆಯೇ ಕಾಣಬಹುದು. ಸ್ಲೈಡಿನಲ್ಲಿ ಕ್ಯಾನ್ಸರ್ ಕೋಶ ಸಿಗಲಿಲ್ಲ ಎಂದ ಮಾತ್ರಕ್ಕೆ ಗಂಟಿನಲ್ಲಿ ಕ್ಯಾನ್ಸರ್ ಇಲ್ಲವೆಂದಲ್ಲ. ಬೆಳೆಯುತ್ತಲೇ ಇರುವ ಗಂಟನ್ನು ಮತ್ತೆ ಪರೀಕ್ಷಿಸಲೇಬೇಕು. "ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ" ಎಂಬ ಹೆದರಿಕೆ ಮಾತ್ರ ಚರ್ಮದ ಗಂಟುಗಳ ಮಟ್ಟಿಗೆ ಬೇಡ. ಮೂತ್ರಕೋಶದ ಕ್ಯಾನ್ಸರ್‌ನಂಥ ಕೆಲವು ಒಳಗಂಟುಗಳಿಗೆ ಮಾತ್ರ ಆ ಎಚ್ಚರ ಹೇಳುತ್ತಾರೆ.

ಮಾದರಿ ಎಲ್ಲಿಗೆ, ಹೇಗೆ

ಸ್ಲೈಡ್ ಮಾಡಿದ ವೈದ್ಯರೇ ಎಲ್ಲವನ್ನೂ ಓದಬೇಕೆಂದಿಲ್ಲ. ಕೀವು, ಕೊಬ್ಬು, ಟಿವಿಟಿ, ಮಾಸ್ಟ್ ಕೋಶ ಇವನ್ನು ತಾಲ್ಲೂಕಿನಲ್ಲೇ ಗುರುತಿಸಬಹುದು. ಅನುಮಾನದವನ್ನು ರೋಗಶಾಸ್ತ್ರ ತಜ್ಞರಿಗೆ ಕಳಿಸಬೇಕು. ಈ ನಾಲ್ಕೂ ತಾಲ್ಲೂಕು ಈಗ ಸೇರಿರುವ ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೆ ಮೊದಲು ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ ಸೇರಿದ್ದವು. ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದ ನ್ಯಾಮತಿಗೂ ಶಿವಮೊಗ್ಗವೇ ಹತ್ತಿರ. ಅಲ್ಲಿನ ಪಶುವೈದ್ಯಕೀಯ ಕಾಲೇಜು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಈ ಮೂರೂ ತಾಲ್ಲೂಕಿನವರಿಗೆ ಕೈಗೆಟಕುವ ದೂರದಲ್ಲಿದೆ. ಹಿಂದೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರಿನವರಿಗೆ ದಾರಿ ದೂರ. ಹಾಗಾಗಿ ನಾಯಿಯನ್ನು ಹೊತ್ತೊಯ್ಯುವ ಬದಲು ಸ್ಲೈಡನ್ನು ಕಳಿಸುವ ಈ ವಿಧಾನ ಅವರಿಗೇ ಹೆಚ್ಚು ಉಪಯೋಗ.

ಬಣ್ಣ ಹಾಕಿದ ಒಂದು ಮತ್ತು ಹಾಕದ ಎರಡು ಸ್ಲೈಡುಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಒಂದಕ್ಕೊಂದು ತಾಗದಂತೆ, ವಿವರದ ಚೀಟಿಯೊಂದಿಗೆ ಕಳಿಸಬೇಕು. ಬಯಾಪ್ಸಿ ತುಣುಕನ್ನು ಶೇ 10ರ ಫಾರ್ಮಲಿನ್‌ನಲ್ಲಿ, ತುಣುಕಿನ ಹತ್ತರಷ್ಟು ದ್ರವದಲ್ಲಿ ಮುಳುಗಿಸಿ, ಸ್ಲೈಡಿನಿಂದ ಬೇರೆ ಪೊಟ್ಟಣದಲ್ಲಿ ಕಳಿಸಬೇಕು.

ನಾಯಿ ಸಾಕಿದವರಿಗೆ

ತಿಂಗಳಿಗೊಮ್ಮೆ ಮೂಗಿನಿಂದ ಬಾಲದವರೆಗೆ ಕೈಯಾಡಿಸಿ ನೋಡಿ. ಬಾಯೊಳಗೆ, ಕಿವಿ ಬುಡ, ಮೊಲೆಯ ಸಾಲು, ಬೆರಳ ಸಂದು, ಬಾಲದ ಕೆಳಗೆ ಬಿಡಬೇಡಿ. ಗಂಟು ಸಿಕ್ಕಿದರೆ ದಿನಾಂಕ, ಜಾಗ, ಗಾತ್ರ ಬರೆದಿಡಿ. ಹಿಸುಕಬೇಡಿ, ಸುಣ್ಣ ಹಚ್ಚಬೇಡಿ, ಬರೆ ಹಾಕಿಸಬೇಡಿ, ಅಂಗಡಿಯಿಂದ ಮಾತ್ರೆ ತಂದು ಕೊಡಬೇಡಿ. ಪಶು ಆಸ್ಪತ್ರೆಗೆ ಹೋದಾಗ "ಸೂಜಿ ಹಾಕಿ ನೋಡ್ತೀರಾ ಡಾಕ್ಟ್ರೇ?" ಎಂದು ನೀವಾಗಿ ಕೇಳಿ. ಕತ್ತರಿಸಿ ತೆಗೆಯೋಣ ಎಂದರೆ, ತೆಗೆದ ಗಂಟನ್ನು ಬಿಸಾಡದೆ ಪರೀಕ್ಷೆಗೆ ಕಳಿಸಲು ಹೇಳಿ.

ತಾಲ್ಲೂಕಿನ ಯುವ ಪಶುವೈದ್ಯರಲ್ಲೂ ಒಂದು ವಿನಂತಿ. ಗಂಟು ಕಂಡ ಪ್ರತಿ ನಾಯಿಗೂ ಒಂದು ಸ್ಲೈಡ್ ಮಾಡಿ, ಬಣ್ಣ ಹಾಕಿ, ನೋಡಿ, ಗುರುತು ಬರೆದು ಎತ್ತಿಡಿ. ಬಯಾಪ್ಸಿ ವರದಿ ಬಂದಾಗ ಅದೇ ಸ್ಲೈಡನ್ನು ಮತ್ತೆ ತೆಗೆದು ಹೋಲಿಸಿ. ಸ್ಲೈಡ್ ಓದುವ ಕಣ್ಣು ಬರುವುದು ಹೀಗೆಯೇ. ಚಿಕ್ಕದಿರುವಾಗ ಹೆಸರು ಗೊತ್ತಾದ ಗಂಟಿಗೆ ಹೆಚ್ಚಿನ ಸಲ ಚಿಕಿತ್ಸೆ ಇದೆ. ಆ ಹೆಸರನ್ನು ಚನ್ನಗಿರಿಯಲ್ಲೂ ಹೊನ್ನಾಳಿಯಲ್ಲೂ ನ್ಯಾಮತಿಯಲ್ಲೂ ಜಗಳೂರಿನಲ್ಲೂ ಹುಡುಕಬಹುದು.